ಬನಿಯನ್ ತೊಟ್ಟು ಐಸ್‌ಲ್ಯಾಂಡಿಗೆ

ಹಯಗ್ರೀವನಿಗೆ ಇಂಗ್ಲಿಷ್ ಕಲಿಸಿದವರು ಹುಣಸೂರಿನ ಪುಟ್ಟಸ್ವಾಮಿ ಮೇಷ್ಟ್ರು. ಅವರದು ಒಂದೇ ಸಿದ್ಧಾಂತ. ಅಕ್ಷರ ಅಂತ ಬರೆದ ಮೇಲೆ ಅದನ್ನು ಬಾಯಿಬಿಟ್ಟು ಹೇಳಲೇಬೇಕು. ಬರೆದೂ ಹೇಳದೆ ಬಿಡುವುದು ಪಂಕ್ತಿಯಲ್ಲಿ ಎಲೆ ಹಾಕಿ ಕೂರಿಸಿ ಬಡಿಸದೆ ಮುಂದೆ ಹೋದಂತೆ ಎಂದು ಅವರು ತರಗತಿಯಲ್ಲಿ ನೊಂದು ನುಡಿಯುತ್ತಿದ್ದರಂತೆ. ಹೀಗಾಗಿ ಅವರ ಶಿಷ್ಯರೆಲ್ಲರಿಗೂ ಚಾಕು ಎಂದರೆ ‘ಕ್ನೈಫು’, ಬುಧವಾರ ಎಂದರೆ ‘ವೆಡ್‌ನೆಸ್‌ಡೇ’, ದ್ವೀಪ ಎಂದರೆ ‘ಐಸ್‌ಲ್ಯಾಂಡ್’. ಕನ್ನಡದವರ ನ್ಯಾಯಬುದ್ಧಿಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ತಪ್ಪಿದ್ದರೆ ಅದು ಇಂಗ್ಲಿಷಿನದು.

ಹಯಗ್ರೀವ ಸಿಂಗಪುರದ ಹೌಗಾಂಗ್‌ನಲ್ಲಿ ನಮ್ಮ ಬ್ಲಾಕಿನ ಒಂಬತ್ತನೇ ಮಹಡಿಯವನು, ನಾನು ಏಳನೆಯವನು. ಕಲ್ಲಾಂಗ್‌ನಲ್ಲಿ ಫ್ರಿಜ್ಜಿಗೆ ಥರ್ಮೋಸ್ಟಾಟ್ ತಯಾರಿಸುವ ಒಂದು ಫ್ಯಾಕ್ಟರಿಯಲ್ಲಿ ಅವನಿಗೆ ಕ್ವಾಲಿಟಿ ಚೆಕ್ ಮಾಡುವ ಕೆಲಸ. ಹಿಮಕ್ಕೂ ಅವನಿಗೂ ಇದ್ದ ನಂಟು ಅಷ್ಟೇ. ಅವನ ಹೆಂಡತಿ ವತ್ಸಲಾ ಮೈಸೂರಿನ ಕಾನ್ವೆಂಟಿನಲ್ಲಿ ಓದಿದವರು. ಮದುವೆಯಾದ ಹೊಸದರಲ್ಲಿ ಅವನ ‘ವೆಡ್‌ನೆಸ್‌ಡೇ’ ಕೇಳಿ ಆಕೆ ನಕ್ಕಿದ್ದೇ ಕೊನೆ, ಅಂದಿನಿಂದ ಅವನು ಹೆಂಡತಿಯ ಎದುರು ಅಪಾಯಕಾರಿ ಇಂಗ್ಲಿಷ್ ಪದಗಳನ್ನು ಬಿಟ್ಟು ಶುದ್ಧ ಕನ್ನಡಕ್ಕೆ ಶರಣಾಗಿದ್ದ. ಸಿಂಗಪುರದಲ್ಲಿ ಕೂತು “ಇವತ್ತು ಬುಧವಾರ, ದ್ವೀಪದಲ್ಲೆಲ್ಲಾ ಮಳೆ” ಎಂದು ಹೆಂಡತಿಗೆ ಹೇಳುವ ಗಂಡ ಅವನೊಬ್ಬನೇ ಇದ್ದಿರಬೇಕು.

ಅವರು ಇಲ್ಲಿಗೆ ಬಂದು ಎಂಟು ವರ್ಷವಾಗಿತ್ತು. ಎಂಟು ವರ್ಷದಿಂದ ವತ್ಸಲಾ ಕೇಳುತ್ತಿದ್ದದ್ದು ಒಂದೇ, ಎಲ್ಲಿಗಾದರೂ ಕರೆದುಕೊಂಡು ಹೋಗಿ ಅಂತ. ಇವನು ಹೇಳುತ್ತಿದ್ದದ್ದೂ ಒಂದೇ, ಮುಂದಿನ ವರ್ಷ ಅಂತ.

ತೊಂಬತ್ತಾರನೇ ಇಸವಿಯ ಜನವರಿಯಲ್ಲಿ ವತ್ಸಲಾ ತಂಗಿಯ ಬಾಣಂತನಕ್ಕೆಂದು ಮೈಸೂರಿಗೆ ಹೋದರು. ಫೆಬ್ರವರಿಯಲ್ಲಿ ಚೀನೀ ಹೊಸವರ್ಷ ಬಂತು. ಫ್ಯಾಕ್ಟರಿಗೆ ಎಂಟು ದಿನ ರಜೆ. ಊರೆಲ್ಲ ಬಾಗಿಲು ಹಾಕಿಕೊಂಡು ನೆಂಟರ ಮನೆಯಲ್ಲಿ ಉಣ್ಣುವ ಕಾಲ ಅದು. ನಾನು ಕುಟುಂಬಸಮೇತ ಮಲಕ್ಕಾಗೆ ಹೋಗಿದ್ದೆ. ಹಯಗ್ರೀವ ಏಳು ದಿನ ಫೋನಿನ ವೈರು ಕಿತ್ತು ಮಲಗಿದ್ದನಂತೆ. ಒಂದು ದಿನ ಮಾತ್ರ ಎದ್ದು, ಚಾಂಗಿ ಜೆಟ್ಟಿಯಲ್ಲಿ ಹನ್ನೆರಡು ಜನ ತುಂಬಿದರೆ ಮಾತ್ರ ಹೊರಡುವ ಬಂಬೋಟ್ ಎಂಬ ಮರದ ದೋಣಿ ಹತ್ತಿ, ಹತ್ತು ನಿಮಿಷದಾಚೆ ಇರುವ ಪುಲಾವ್ ಉಬಿನ್ ಎಂಬ ದ್ವೀಪಕ್ಕೆ ಹೋಗಿ, ಬಾಡಿಗೆ ಸೈಕಲ್ ತುಳಿದು, ಸಂಜೆ ವಾಪಸು ಬಂದಿದ್ದ. ಸಿಂಗಪುರದ ಈಶಾನ್ಯಕ್ಕೆ ಇರುವ ಉಬಿನ್‌ನಲ್ಲಿ ಕಲ್ಲುಗಣಿ ಬಿಟ್ಟರೆ ಕಾಡು, ಕಾಡು ಬಿಟ್ಟರೆ ಕಾಡುಹಂದಿ. ಇದರಲ್ಲಿ ಕಥೆಯಾಗುವಂಥದ್ದು ಏನೂ ಇರಲಿಲ್ಲ, ಮುಂದಿನ ಭಾನುವಾರ ಹೌಗಾಂಗ್ ಮಾರ್ಕೆಟ್ಟಿನಲ್ಲಿ ಮೈಥಿಲಿ ಎದುರಾಗದಿದ್ದರೆ.

ಮೈಥಿಲಿ ನಮ್ಮ ಕನ್ನಡ ಕೂಟದ ಅಧ್ಯಕ್ಷ ದ್ವಾರಕನಾಥರ ಹೆಂಡತಿ. ದ್ವಾರಕನಾಥ್ ಬ್ಯಾಂಕಿನಲ್ಲಿ ದೊಡ್ಡ ಹುದ್ದೆ, ವಾಸ ಕಾಂಡೋ ಎನ್ನುವ ಶ್ರೀಮಂತರ ಅಪಾರ್ಟ್‌ಮೆಂಟಿನಲ್ಲಿ. ನಾಲ್ಕು ವರ್ಷದ ಹಿಂದೆ ಮೂರು ದಿನ ಸ್ವಿಟ್ಜರ್ಲೆಂಡಿಗೆ ಹೋಗಿಬಂದವರು, ಇನ್ನೂ ಪೂರ್ತಿ ವಾಪಸು ಬಂದಿರಲಿಲ್ಲ. ಕೂಟದ ಯಾವ ಸಭೆಯೂ ಆಲ್ಪ್ಸ್ ಪರ್ವತವನ್ನು ಒಮ್ಮೆ ಹತ್ತಿ ಇಳಿಯದೆ ಮುಗಿಯುತ್ತಿರಲಿಲ್ಲ. ಮೈಥಿಲಿ ಆ ದಿನ ಬೆಂಡೆಕಾಯಿ ತುದಿ ಮುರಿದು ನೋಡುತ್ತಾ ನಿಂತಿದ್ದರು. ಕೂಟದ ಕಾರ್ಯದರ್ಶಿಯಾದ ನಾನು ಹಯಗ್ರೀವನ ಪಕ್ಕದಲ್ಲೇ ಚೀಲ ಹಿಡಿದು ನಿಂತಿದ್ದೆ.

“ಏನ್ರೀ ಹಯಗ್ರೀವ ಅವ್ರೇ, ಒಂದು ವಾರದಿಂದ ಫೋನ್ ಟ್ರೈ ಮಾಡ್ತಿದೀನಿ. ಎಲ್ಲಿ ಮಾಯ ಆಗ್ಬಿಟ್ಟಿದ್ರಿ?”

“ಐಸ್‌ಲ್ಯಾಂಡಿಗೆ ಹೋಗಿದ್ದೆ ಮೇಡಂ.”

ಮೈಥಿಲಿಯ ಕೈಯಲ್ಲಿದ್ದ ಬೆಂಡೆಕಾಯಿ ಮುರಿಯದೆ ಉಳಿಯಿತು. “ಐಸ್‌ಲ್ಯಾಂಡಿಗಾ? ಈ ಸೀಸನ್‌ನಲ್ಲಾ?”

“ರಜಾ ಇತ್ತಲ್ಲ.”

“ಚಳಿ ಆಗ್ಲಿಲ್ವಾ?”

“ಬೆಳಿಗ್ಗೆ ಸ್ವಲ್ಪ ತಂಗಾಳಿ ಇತ್ತು. ಮಧ್ಯಾಹ್ನ ಶರ್ಟ್ ಬಿಚ್ಚಾಕಿ ಬನಿಯನ್‌ನಲ್ಲೇ ಓಡಾಡ್ದೆ.”

“ಬನಿಯನ್‌ನಲ್ಲಿ,” ಎಂದರು ಮೈಥಿಲಿ, ಯಾವುದೋ ವ್ರತದ ಹೆಸರು ಹೇಳುವವರ ಹಾಗೆ. “ನೋಡೋಕೆ ಏನಿದೆ ಅಲ್ಲಿ?”

“ಏನಿದೆ, ಕಲ್ಲು. ಕಲ್ಲಿನ ಮಧ್ಯೆ ನೀರು. ಜನಾನೇ ಇಲ್ಲ.”

“ಗ್ರೂಪ್ ಟೂರಾ?”

“ಹನ್ನೆರಡು ಜನ ಆಗೋವರೆಗೂ ಅವ್ನು ಹೊರಡಲ್ಲ ಮೇಡಂ. ಕೂತೂ ಕೂತೂ ಸಾಕಾಯ್ತು.”

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಹಯಗ್ರೀವ ಆ ಬೆಳಿಗ್ಗೆ ಆಡಿದ್ದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಅವನ ಸತ್ಯ ಅವನ ಮನಸ್ಸಿನಿಂದ ಉಬಿನ್ ಆಗಿ ಹೊರಟು ನಮ್ಮ ಕಿವಿಗೆ ಐಸ್‌ಲ್ಯಾಂಡ್ ಆಗಿ ತಲುಪಿತು. ಭೂಪಟದ ಉತ್ತರದ ತುದಿಯಲ್ಲಿ ಜ್ವಾಲಾಮುಖಿಯೂ ಹಿಮವೂ ಒಟ್ಟಿಗೆ ಸಂಸಾರ ಮಾಡುವ ಆ ದೇಶಕ್ಕೆ ನಮ್ಮ ಒಂಬತ್ತನೇ ಮಹಡಿಯ ಹಯಗ್ರೀವ ಬನಿಯನ್ನಿನಲ್ಲಿ ಹೋಗಿಬಂದ ಎಂದು ನಾನೂ ನಂಬಿದೆ. ನಂಬಿ, ಮನೆಗೆ ಬಂದು ನನ್ನವಳಿಗೆ ಹೇಳಿದೆ. ಮಧ್ಯಾಹ್ನದ ಹೊತ್ತಿಗೆ ಕೂಟದ ಉಳಿದ ಇಪ್ಪತ್ತೇಳು ಮನೆಗೂ ಗೊತ್ತಾಗಿತ್ತು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ನಮ್ಮ ದ್ವಾರಕನಾಥರದು. ಅದೇ ಸಂಜೆ ಹಯಗ್ರೀವನನ್ನೂ ನನ್ನನ್ನೂ ಕಾಂಡೋಗೆ ಕರೆಸಿಕೊಂಡರು. ಅದುವರೆಗೆ ಹಯಗ್ರೀವ ಆ ಮನೆಗೆ ಹೋದಾಗಲೆಲ್ಲ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಸ್ಟೀಲ್ ಲೋಟದಲ್ಲಿ ಕಾಫಿ ಕುಡಿದವನು. ಅಂದು ಅವನಿಗೆ ಸೋಫಾ ಸಿಕ್ಕಿತು. ಕಾಫಿ ಚಿನ್ನದ ಅಂಚಿನ ಪಿಂಗಾಣಿ ಕಪ್ಪಿನಲ್ಲಿ ಬಂತು.

“ನಾವು ಸ್ವಿಟ್ಜರ್ಲೆಂಡ್ ನೋಡಿದೀವಿ, ಒಪ್ತೀನಿ,” ಎಂದರು ದ್ವಾರಕನಾಥ್. “ಆದ್ರೆ ಮ್ಯಾಪ್‌ನಲ್ಲಿ ನೀವು ನಮಗಿಂತ ಮೇಲೆ ಹೋಗ್ಬಿಟ್ರಲ್ರೀ. ಐಸ್‌ಲ್ಯಾಂಡಿನ ಕ್ಯಾಪಿಟಲ್ ಹೇಗಿದೆ?”

ಹಯಗ್ರೀವ ಕಪ್ಪನ್ನು ತುಟಿಗಿಟ್ಟವನು ಹಾಗೇ ಕೂತ. ಉಬಿನ್‌ಗೆ ರಾಜಧಾನಿ ಎಲ್ಲಿಂದ ಬರಬೇಕು. ಮ್ಯಾಪು, ಸ್ವಿಟ್ಜರ್ಲೆಂಡು, ಚಳಿ, ಬನಿಯನ್ನು ಎಲ್ಲವೂ ಅವನ ತಲೆಯಲ್ಲಿ ಒಂದರ ಪಕ್ಕ ಒಂದು ಕೂತು ಅರ್ಥವಾಗಿದ್ದು ಆ ಕ್ಷಣದಲ್ಲಿ. ಬಾಯಿಬಿಟ್ಟು “ನಾನು ಹೇಳಿದ್ದು ಉಬಿನ್” ಎಂದಿದ್ದರೆ ಅಲ್ಲಿಗೆ ಮುಗಿದಿತ್ತು. ಆದರೆ ಹಾಗೆಂದರೆ ಪುಟ್ಟಸ್ವಾಮಿ ಮೇಷ್ಟ್ರ ಇಂಗ್ಲಿಷು ಬಯಲಾಗಬೇಕು, ಸೋಫಾದಿಂದ ಸ್ಟೂಲಿಗೆ ಇಳಿಯಬೇಕು. ಎಂಟು ವರ್ಷ ಸ್ಟೂಲಿನ ಮೇಲೆ ಕೂತವನ ಕಷ್ಟ ಸೋಫಾದಲ್ಲೇ ಹುಟ್ಟಿದವರಿಗೆ ತಿಳಿಯುವುದಿಲ್ಲ.

“ಚಿಕ್ಕದು,” ಎಂದ. “ಜೆಟ್ಟಿ ಪಕ್ಕ ಒಂದು ರಸ್ತೆ, ನಾಕು ಅಂಗಡಿ.”

ಒಳಗಿನ ಕೋಣೆಯಿಂದ ಮೈಥಿಲಿಯ ತಂದೆ ಪಟ್ಟಾಭಿರಾಮರು ಬಂದರು. ಮೈಸೂರಿನಲ್ಲಿ ಸಂಸ್ಕೃತ ಪಂಡಿತರಾಗಿ ನಿವೃತ್ತರಾದವರು, ಮೂರು ತಿಂಗಳಿಗೆಂದು ಮಗಳ ಮನೆಗೆ ಬಂದಿದ್ದರು. “ಉತ್ತರದ ದ್ವೀಪ ಅಂದ್ಯೇನಪ್ಪಾ? ಸುತ್ತಲೂ ಸಮುದ್ರ, ನೆಲ ಎಲ್ಲಾ ಬಿಳೀ?”

“ಹೂಂ,” ಎಂದ ಹಯಗ್ರೀವ.

“ಅಲ್ಲಿಯ ಜನ ಬೆಳ್ಳಗಿದಾರಾ?”

ಹಯಗ್ರೀವ ಸೈಕಲ್ ಅಂಗಡಿಯ ಚೀನೀ ಮುದುಕನನ್ನು ನೆನೆಸಿಕೊಂಡು, “ಬೆಳ್ಳಗೇ ಇದಾರೆ,” ಎಂದ.

“ಹಾಗಾದ್ರೆ ಅದು ಪುರಾಣದ ಶ್ವೇತದ್ವೀಪ, ವಿಷ್ಣುವಿನ ನೆಲೆ. ಕ್ಷೀರಸಾಗರದ ಉತ್ತರಕ್ಕಿದೆ ಅಂತ ಸ್ಪಷ್ಟವಾಗಿ ಹೇಳಿದೆ. ಅಲ್ಲಿಗೆ ಹೋದವರೇ ಅಪರೂಪ. ನಿನ್ನದೂ ಅವನದೇ ಹೆಸರು, ನೀನು ಹೋದದ್ದು ಹೆಸರಿನ ಬಲ ಕಣಪ್ಪಾ.” ಪಂಡಿತರು ಅವನ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡರು. ಆ ಮೇಲೆ ಅವನಿಗೆ ಬಾಯಿಬಿಡುವ ದಾರಿಯೇ ಉಳಿಯಲಿಲ್ಲ. ಬ್ಯಾಂಕಿನವರಿಗೆ ಸುಳ್ಳು ಹೇಳಬಹುದು, ಸರಿಪಡಿಸಲೂಬಹುದು. ಪುರಾಣವನ್ನು ಸರಿಪಡಿಸುವುದು ಹೇಗೆ.

ಅಲ್ಲಿಂದ ಹಯಗ್ರೀವ ಸೀದಾ ಲೈಬ್ರರಿಗೆ ಬಿದ್ದ. ಜೀವಮಾನದಲ್ಲಿ ಥರ್ಮೋಸ್ಟಾಟ್ ಮ್ಯಾನ್ಯುಯಲ್ ಬಿಟ್ಟು ಬೇರೇನೂ ಓದದವನು ಎನ್‌ಸೈಕ್ಲೋಪೀಡಿಯಾ ಬಗಲಲ್ಲಿಟ್ಟುಕೊಂಡು ಓಡಾಡತೊಡಗಿದ. ನಿಜ ಹೇಳಬೇಕೆಂದರೆ ಅವನು ಓದಿ ಬಂದು ಹೇಳುತ್ತಿದ್ದದ್ದು ಬಲು ಚೆನ್ನಾಗಿರುತ್ತಿತ್ತು. ನೆಲದೊಳಗಿನಿಂದ ಬಿಸಿನೀರು ಹತ್ತಾಳುದ್ದ ಚಿಮ್ಮುತ್ತದೆ, ಹೊತ್ತಿಗೆ ಸರಿಯಾಗಿ, ನಲ್ಲಿ ತಿರುಗಿಸುವವರಿಲ್ಲದೆ. ಅಲ್ಲಿಯ ಬಂಡೆಗಳೊಳಗೆ ಕಣ್ಣಿಗೆ ಕಾಣದ ಜನ ಸಂಸಾರ ಮಾಡಿಕೊಂಡಿದ್ದಾರೆ, ಅವರ ಬಂಡೆ ಅಡ್ಡ ಬಂದರೆ ರಸ್ತೆಯನ್ನೇ ಬಳಸಿ ಹಾಕುತ್ತಾರೆ. ದೈತ್ಯರು ಕತ್ತಲಲ್ಲಿ ತಿರುಗಾಡುತ್ತಾರೆ, ಸೂರ್ಯನ ಬೆಳಕು ತಾಗಿದರೆ ನಿಂತಲ್ಲೇ ಕಲ್ಲಾಗುತ್ತಾರೆ. ಹಬ್ಬಕ್ಕೆ ಹೊಸ ಬಟ್ಟೆ ಉಡದವರನ್ನು ಹುಡುಕಿಕೊಂಡು ಬಂದು ತಿನ್ನುವ ಒಂದು ದೊಡ್ಡ ಬೆಕ್ಕಿದೆ.

ಬೆಕ್ಕಿನ ಕಥೆ ಹೇಳಿದ್ದು ಯುಗಾದಿಗೆ ಎರಡು ವಾರ ಮುಂಚೆ. ಆ ವರ್ಷ ನಮ್ಮ ಕೂಟದ ಇಪ್ಪತ್ತೇಳು ಮನೆಯಲ್ಲಿ ಇಪ್ಪತ್ತೇಳು ರೇಷ್ಮೆ ಸೀರೆ ಬಂದವು. ಗಂಡಸರು ಹಯಗ್ರೀವನನ್ನು ಕಂಡರೆ ಲಿಫ್ಟು ಬಿಟ್ಟು ಮೆಟ್ಟಿಲು ಹಿಡಿದರು. ಬ್ಲಾಕಿನ ಬುಡದಲ್ಲಿ ವಾಯ್ಡ್ ಡೆಕ್ ಎಂದು ಖಾಲಿ ಬಿಟ್ಟಿರುವ ಜಾಗದಲ್ಲಿ ಆಡುವ ನಮ್ಮ ಮಕ್ಕಳು ಕಲ್ಲು ಒದೆಯುವ ಮುಂಚೆ “ಯಾರಾದ್ರೂ ಇದೀರಾ ಲಾ?” ಎಂದು ಸಿಂಗಪುರದ ರಾಗದಲ್ಲಿ ಬಗ್ಗಿ ಕೇಳುವುದನ್ನು ರೂಢಿ ಮಾಡಿಕೊಂಡರು. ಅಲ್ಲಿಯವರು ‘ಸ್ಕೀರ್’ ಎಂಬ ಮೊಸರಿನಂಥದ್ದನ್ನು ತಿನ್ನುತ್ತಾರೆ ಎಂದು ಹಯಗ್ರೀವ ಹೇಳಿದ ದಿನವಂತೂ ಪಟ್ಟಾಭಿರಾಮರು ಸೋಫಾದಿಂದ ಎದ್ದೇ ನಿಂತರು.

“ಸ್ಕೀರ ಅಲ್ಲಪ್ಪಾ, ಕ್ಷೀರ. ಇನ್ನೇನು ಪ್ರಮಾಣ ಬೇಕು?” ಎಂದು ಉತ್ತರ ದಿಕ್ಕಿಗೆ ಕೈ ಮುಗಿದರು. ಆ ಕಾಂಡೋದಲ್ಲಿ ಉತ್ತರಕ್ಕೆ ಈಜುಕೊಳವಿತ್ತು.

ಯುಗಾದಿ ಕಾರ್ಯಕ್ರಮದಲ್ಲಿ ಹಯಗ್ರೀವನ ಪ್ರವಾಸಾನುಭವದ ಭಾಷಣ ಇಡುವುದೆಂದು ದ್ವಾರಕನಾಥ್ ತೀರ್ಮಾನಿಸಿದರು. ಸುತ್ತೋಲೆ ಬರೆದವನು ನಾನೇ. ‘ನಮ್ಮವರೇ ಆದ ಶ್ರೀ ಹಯಗ್ರೀವ ಅವರಿಂದ ಐಸ್‌ಲ್ಯಾಂಡ್ ದರ್ಶನ, ಪಾರದರ್ಶಿಕೆಗಳೊಂದಿಗೆ. ಅನಂತರ ಹೋಳಿಗೆ ಊಟ.’ ಇಪ್ಪತ್ತೆಂಟು ಪ್ರತಿ ತೆಗೆದು ಎಲ್ಲರ ಅಂಚೆಪೆಟ್ಟಿಗೆಗೂ ಹಾಕಿಸಿದೆ. ಹಯಗ್ರೀವನ ಪೆಟ್ಟಿಗೆಗೂ ಒಂದು ಹಾಕಿದೆ. ಕಾರ್ಯದರ್ಶಿಯಾದವನು ಪಕ್ಷಪಾತ ಮಾಡಬಾರದು.

ವತ್ಸಲಾ ಊರಿನಿಂದ ಬಂದದ್ದು ಅದರ ಮಾರನೇ ದಿನ. ಟ್ಯಾಕ್ಸಿಯಿಂದ ಸೂಟ್‌ಕೇಸು ಇಳಿಸಲು ಹಯಗ್ರೀವನ ಜೊತೆ ನಾನೂ ಕೈ ಹಾಕಿದೆ. ಲಿಫ್ಟಿಗೆ ಕಾಯುವಾಗ ಆಕೆ ಅಭ್ಯಾಸಬಲದಿಂದ ಅಂಚೆಪೆಟ್ಟಿಗೆ ತೆರೆದರು, ನನ್ನ ಸುತ್ತೋಲೆ ತೆಗೆದರು, ಓದಿದರು. ಮತ್ತೊಮ್ಮೆ ಓದಿದರು. ಲಿಫ್ಟು ಬಂತು, ಬಾಗಿಲು ತೆರೆಯಿತು, ಮುಚ್ಚಿತು, ಹೋಯಿತು.

“ಐಸ್‌ಲ್ಯಾಂಡಿಗೆ ಹೋಗಿದ್ರಾ?” ಎಂದು ಗಂಡನನ್ನು ಕೇಳಿದರು. ದನಿ ಮೆತ್ತಗಿತ್ತು.

“ಇಲ್ಲ ವತ್ಸಲಾ, ಅದೇನಾಯ್ತು ಅಂದ್ರೆ…”

“ಉಪೇಂದ್ರ ಅವ್ರೇ, ನೀವು ಹೇಳಿ. ಹೋಗಿದ್ರಾ?” ಎಂದು ಆಕೆ ನನ್ನ ಕಡೆ ತಿರುಗಿದರು.

ನನಗೇನು ಗೊತ್ತು. ಸ್ನೇಹಿತನ ಕೀರ್ತಿ ಹೆಂಡತಿಯ ಮುಂದೆ ಹೆಚ್ಚಲಿ ಎಂಬ ಸದುದ್ದೇಶದಿಂದ, “ಹೋಗಿದ್ದು ಮಾತ್ರ ಅಲ್ಲ ಮೇಡಂ, ಬನಿಯನ್‌ನಲ್ಲಿ ಓಡಾಡಿಬಂದ,” ಎಂದೆ. ಹಯಗ್ರೀವ ನನ್ನ ಕಡೆ ನೋಡಿದ ನೋಟವನ್ನು ಇವತ್ತಿಗೂ ಮರೆತಿಲ್ಲ.

ಆ ರಾತ್ರಿಯೇ ಅವನು ಹೆಂಡತಿಗೆ ಪೂರಾ ಸತ್ಯ ಹೇಳಿದ. ಮಾರನೇ ದಿನ ನನಗೂ ಹೇಳಿದ. ನಾನು ನಂಬಿದೆ, ವತ್ಸಲಾ ನಂಬಲಿಲ್ಲ. “ಐಲ್ಯಾಂಡ್ ಅನ್ನೋದನ್ನ ಐಸ್‌ಲ್ಯಾಂಡ್ ಅನ್ನೋಕೆ ನೀವೇನು ಎಲ್‌ಕೇಜಿನಾ? ಎಂಟು ವರ್ಷದಲ್ಲಿ ಒಂದು ದಿನ ನನ್ನ ಕಿವಿಗೆ ಬಿದ್ದಿಲ್ಲ,” ಎಂದರಂತೆ. ಬೀಳುವುದು ಹೇಗೆ? ಎಂಟು ವರ್ಷ ಜಾಣತನದಿಂದ ‘ದ್ವೀಪ’ ಎಂದವನು ಇವನೇ ತಾನೆ. “ಉಬಿನ್‌ಗೆ ಹೋಗಿಬಂದಿದ್ದಕ್ಕೆ ಯಾರಾದ್ರೂ ಭಾಷಣ ಇಡಿಸ್ತಾರಾ? ಹೋಳಿಗೆ ಊಟ ಹಾಕ್ತಾರಾ? ನಾನು ಅಲ್ಲಿ ಮಗು ಬಟ್ಟೆ ಒಗೀತಿದ್ದಾಗ ನೀವು ಇಲ್ಲಿಂದ ಯುರೋಪ್‌ಗೆ ಒಬ್ರೇ ಹೋದ್ರಿ. ಮುಂದಿನ ವರ್ಷ, ಮುಂದಿನ ವರ್ಷ ಅಂತ ನನಗೆ ಹೇಳಿ.”

ತಂದ ಸೂಟ್‌ಕೇಸನ್ನು ಆಕೆ ಬಿಚ್ಚಲಿಲ್ಲ. ಮಂಗಳವಾರದ ಮದ್ರಾಸ್ ವಿಮಾನಕ್ಕೆ ಸೀಟು ಬುಕ್ ಮಾಡಿ, ಭಾನುವಾರದ ಭಾಷಣ ಮುಂದಿನ ಸಾಲಿನಲ್ಲಿ ಕೂತು ಕೇಳಿಯೇ ಹೊರಡುವುದು ಎಂದು ಹೇಳಿದರು. ಅಲ್ಲಿಯವರೆಗೆ ಗಂಡನೊಡನೆ ಮಾತಿಲ್ಲ. ಮಾತೆಲ್ಲ ನನ್ನ ಮೂಲಕ. ನಾನು ಏಳನೇ ಮಹಡಿಯಲ್ಲಿ ಊಟಕ್ಕೆ ಕೂತಿದ್ದರೆ ಫೋನು ಬರುತ್ತಿತ್ತು: “ಉಪೇಂದ್ರ ಅವ್ರೇ, ಸಾರು ಒಲೆ ಮೇಲಿದೆ ಅಂತ ಅವರಿಗೆ ಹೇಳ್ಬಿಡಿ.” ಆ ‘ಅವರು’ ಅದೇ ಕೋಣೆಯಲ್ಲಿ ಮೂರಡಿ ದೂರದಲ್ಲಿ ಕೂತಿರುತ್ತಿದ್ದ. ನಾನು “ಅವನಿಗೆ ಕೊಡಿ ಮೇಡಂ” ಎನ್ನಬೇಕು, ಆಕೆ ಫೋನು ಕೊಡಬೇಕು, ನಾನು ಸಾರಿನ ಸುದ್ದಿ ಮುಟ್ಟಿಸಬೇಕು. ಮೂರನೇ ದಿನ ಅವನು ಫೋನಿನಲ್ಲೇ ಅತ್ತುಬಿಟ್ಟ. “ಅವಳು ಹೋದ್ರೆ ವಾಪಸ್ ಬರಲ್ಲ ಕಣೋ. ನನಗೆ ಗೊತ್ತು,” ಎಂದ. ನನಗೆ ಸಂಕಟವಾಯಿತು. ಸುತ್ತೋಲೆ ಹಾಕಿದ ಪಾಪ ನನ್ನದಲ್ಲವೇ.

“ಭಾನುವಾರ ಎದ್ದು ನಿಂತು ಎಲ್ಲರ ಮುಂದೆ ಒಪ್ಕೊಂಡುಬಿಡು,” ಎಂದೆ. “ಒಂದೇ ವಾಕ್ಯ. ನಾನು ಹೋಗಿದ್ದು ಉಬಿನ್‌ಗೆ. ಅಷ್ಟೇ. ಎಲ್ಲರ ಎದುರು ಹೇಳಿದ್ರೆ ಅವರೂ ನಂಬ್ತಾರೆ.”

“ಹೇಳ್ತೀನಿ,” ಎಂದ. ಹತ್ತು ಸಲ ಬಾಯಿಪಾಠ ಮಾಡಿದ.

ಕಲ್ಲಾಂಗ್‌ನಲ್ಲಿ ನಾವು ಬಾಡಿಗೆಗೆ ಹಿಡಿದಿದ್ದ ಹಾಲ್ ತುಂಬಿತ್ತು. ಇಪ್ಪತ್ತೇಳು ರೇಷ್ಮೆ ಸೀರೆಗಳ ಸದ್ದಿಗೆ ಫ್ಯಾನಿನ ಸದ್ದು ಕೇಳುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ವತ್ಸಲಾ ಹತ್ತಿಯ ಸೀರೆ ಉಟ್ಟು ಕೈಕಟ್ಟಿ ಕೂತಿದ್ದರು, ಬೆಕ್ಕು ಬಂದರೆ ಬರಲಿ ಎನ್ನುವ ಹಾಗೆ. ದ್ವಾರಕನಾಥ್ ಹಯಗ್ರೀವನ ತಲೆಗೆ ಮೈಸೂರು ಪೇಟ ಇಟ್ಟು, ಹೆಗಲಿಗೆ ಶಾಲು ಹೊದಿಸಿದರು. ಹಯಗ್ರೀವ ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡ.

“ಮಾನ್ಯರೇ, ಮೊದಲು ನಾನೊಂದು ಸತ್ಯ ಹೇಳ್ಬೇಕು.”

“ಒಂದೇ ನಿಮಿಷ,” ಎಂದು ದ್ವಾರಕನಾಥ್ ಮೈಕು ಕಸಿದುಕೊಂಡರು. “ನಮ್ಮ ಹಯಗ್ರೀವ ಅವರಿಗೂ ಗೊತ್ತಿಲ್ದೇ ಇರೋ ಒಂದು ಸರ್‌ಪ್ರೈಸ್ ಇದೆ. ನಮ್ಮ ಬ್ಯಾಂಕಿನ ಕ್ಲೈಂಟ್, ಮೀನು ಪ್ಯಾಕ್ ಮಾಡೋ ಮಷೀನ್ ಮಾರೋಕೆ ಇಲ್ಲಿಗೆ ಬಂದು ಒಂದು ವರ್ಷ ಆಯ್ತು. ಸ್ವತಃ ಐಸ್‌ಲ್ಯಾಂಡಿನವರು. ಮಿಸ್ಟರ್ ಗುನ್ನಾರ್.”

ಬಾಗಿಲಿನಲ್ಲಿ ಆರಡಿ ಮೂರಂಗುಲದ ಮನುಷ್ಯ ನಗುತ್ತಾ ಬಂದ. ಕೂದಲು, ಹುಬ್ಬು, ರೆಪ್ಪೆ ಎಲ್ಲವೂ ಬಿಳಿ. ಪಟ್ಟಾಭಿರಾಮರು ಎದ್ದು ನಿಂತು, “ಶ್ವೇತದ್ವೀಪವಾಸಿ,” ಎಂದು ಗದ್ಗದರಾಗಿ ಎರಡೂ ಕೈ ಮುಗಿದರು. ಗುನ್ನಾರ್ ಕೂಡ ಕೈಮುಗಿದು ವತ್ಸಲಾ ಪಕ್ಕದ ಕುರ್ಚಿಯಲ್ಲಿ ಕೂತ. ದ್ವಾರಕನಾಥ್ ಅವನಿಗೂ ವಿಷಯ ಪೂರ್ತ ಹೇಳಿರಲಿಲ್ಲವಂತೆ. ನಿಮಗೆ ಇಷ್ಟವಾಗುವ ಒಂದು ಕಾರ್ಯಕ್ರಮವಿದೆ, ಮಾತು ನಮ್ಮ ಭಾಷೆಯಲ್ಲಿರುತ್ತದೆ, ಚಿತ್ರ ನೋಡಿದರೆ ಸಾಕು ಎಂದು ಕರೆತಂದಿದ್ದರು.

ಹಯಗ್ರೀವನಿಗೆ ಬಾಯಿಪಾಠ ಮಾಡಿದ ಒಂದು ವಾಕ್ಯ ಮರೆತುಹೋಯಿತು. ನೆನಪಿದ್ದದ್ದು ಎನ್‌ಸೈಕ್ಲೋಪೀಡಿಯಾ ಮಾತ್ರ. ಅದನ್ನೇ ಶುರು ಮಾಡಿದ.

ಈ ಪಾರದರ್ಶಿಕೆಗಳ ಬಗ್ಗೆ ಎರಡು ಮಾತು. ಅವು ಅವನು ಉಬಿನ್‌ನಲ್ಲಿ ತೆಗೆದ ಫೋಟೋಗಳು. ಆಫೀಸಿನ ಕಲರ್ ಕಾಪಿಯರ್‌ನಲ್ಲಿ ಪ್ಲಾಸ್ಟಿಕ್ ಹಾಳೆಗೆ ಇಳಿಸಿದ್ದ. ಆ ಮಷೀನು ಹಸಿರನ್ನು ನೇರಳೆ ಮಾಡುತ್ತಿತ್ತು, ಆಕಾಶವನ್ನು ಬಿಳಿ ಮಾಡುತ್ತಿತ್ತು. ಕಲ್ಲುಗಣಿಯ ಹೊಂಡ ಪರದೆಯ ಮೇಲೆ ಬಿದ್ದಾಗ ಜ್ವಾಲಾಮುಖಿಯ ಬಾಯಿ ಅಲ್ಲ ಎನ್ನಲು ನನಗೂ ಧೈರ್ಯ ಬರಲಿಲ್ಲ.

“ಇದು ಐಸ್‌ಲ್ಯಾಂಡಿನ ಜ್ವಾಲಾಮುಖಿ ಸರೋವರ,” ಎಂದ ಹಯಗ್ರೀವ. ಚಪ್ಪಾಳೆ. ಗುನ್ನಾರ್ ಕತ್ತು ಮುಂದೆ ಚಾಚಿ ನೋಡಿದ.

“ಇದು ಕಾಣದ ಜನ ವಾಸ ಮಾಡೋ ಬಂಡೆ.” ಬಂಡೆಯ ಬುಡದಲ್ಲಿ ಊದುಬತ್ತಿ ಸಿಕ್ಕಿಸಿದ್ದರು. ಪಟ್ಟಾಭಿರಾಮರು, “ಪೂಜೆಯೂ ಇದೆ,” ಎಂದು ಪಕ್ಕದವರಿಗೆ ತೋರಿಸಿದರು.

ಮೂರನೆಯದರಲ್ಲಿ ಹಯಗ್ರೀವನೇ ಬನಿಯನ್ನಿನಲ್ಲಿ ನಿಂತಿದ್ದ. ಹಿಂದೆ ಸಾಲಾಗಿ ನೇರಳೆ ತೆಂಗಿನ ಮರಗಳು.

“ತೆಂಗಾ?” ಎಂದು ಹಿಂದಿನಿಂದ ಯಾರೋ ಕೇಳಿದರು.

“ಭೂಮಿ ಒಳಗೆ ಬೆಂಕಿ ಇದೆಯಲ್ಲ,” ಎಂದ ಹಯಗ್ರೀವ, ಕಣ್ಣು ಮುಚ್ಚಿಕೊಂಡು. “ಬೇರು ಬೆಚ್ಚಗಿರತ್ತೆ.”

ಹಾಲ್ ಇದನ್ನೂ ನಂಬಿತು. ಪೇಟ ಇಟ್ಟುಕೊಂಡವನನ್ನು ನಂಬದಿರುವುದು ನಮ್ಮವರ ಜಾಯಮಾನವಲ್ಲ. ವತ್ಸಲಾ ಮಾತ್ರ ಪರದೆ ನೋಡದೆ ಗಂಡನನ್ನೇ ನೋಡುತ್ತಿದ್ದರು. ಆಕೆಯ ಕಣ್ಣು ತುಂಬಿತ್ತು. ಹೋಗಿದ್ದು ನಿಜ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು, ಅಗೋ ಬನಿಯನ್ನು. ಹಿಂದೊಮ್ಮೆ ಮೈಸೂರಿನಿಂದ ತಾನೇ ತಂದುಕೊಟ್ಟ ಬನಿಯನ್ನು.

ಭಾಷಣ ಮುಗಿಯಿತು. ದ್ವಾರಕನಾಥ್ ಗುನ್ನಾರ್‌ನನ್ನು ವೇದಿಕೆಗೆ ಕರೆದು, ಅವನು ಒಂದೊಂದು ವಾಕ್ಯ ಹೇಳುತ್ತಿದ್ದಂತೆ ತಾವೇ ಕನ್ನಡಕ್ಕೆ ಅನುವಾದ ಮಾಡತೊಡಗಿದರು.

“ಅವರು ಹೇಳ್ತಿದಾರೆ, ಈ ಜಾಗ ಅವರಿಗೆ ಪ್ರಾಣ.” ಚಪ್ಪಾಳೆ.

“ಈ ಕಲ್ಲುಗಳನ್ನ ನೋಡಿದ್ರೆ ಅವರಿಗೆ ಊರು ನೆನಪಾಗತ್ತಂತೆ.” ಚಪ್ಪಾಳೆ, ಸ್ವಲ್ಪ ಗೊಂದಲದಿಂದ.

“ಅವರ ಊರಲ್ಲಿ ದೈತ್ಯರು ಬಿಸಿಲಿಗೆ ಕಲ್ಲಾಗ್ತಾರೆ. ಇಲ್ಲಿ ಒಂದು ಆನೆ, ಒಂದು ಹಂದಿ, ಒಂದು ಕಪ್ಪೆ ಪಂದ್ಯ ಕಟ್ಟಿ ಸಮುದ್ರ ದಾಟೋಕಾಗದೆ ಕಲ್ಲಾದ್ವು ಅಂತ ಸೈಕಲ್ ಅಂಗಡಿ ಅಜ್ಜ ಹೇಳಿದ್ರಂತೆ. ಕೇಳಿ ಬಹಳ ಸಂತೋಷ ಆಯ್ತಂತೆ. ಅದಕ್ಕೇ ಪ್ರತಿ ಭಾನುವಾರ ಅಲ್ಲಿಗೆ ಹೋಗ್ತಾರಂತೆ. ಸೈಕಲ್‌ನಲ್ಲಿ.”

ದ್ವಾರಕನಾಥರ ಬಾಯಿ ‘ಸೈಕಲ್‌ನಲ್ಲಿ’ ಎಂದಮೇಲೆ ಅವರ ಕಿವಿ ಅದನ್ನು ಕೇಳಿಸಿಕೊಂಡಿತು. ಅಲ್ಲಿಗೇ ನಿಂತರು.

“ಸೈಕಲ್‌ನಲ್ಲಿ ಶ್ವೇತದ್ವೀಪಕ್ಕಾ?” ಎಂದರು ಪಟ್ಟಾಭಿರಾಮರು.

ಗುನ್ನಾರ್ ಇನ್ನೂ ಒಂದು ವಾಕ್ಯ ಹೇಳಿದ. ಅದನ್ನು ಯಾರೂ ಅನುವಾದಿಸಲಿಲ್ಲ, ಅಷ್ಟು ಇಂಗ್ಲಿಷು ಎಲ್ಲರಿಗೂ ಬರುತ್ತಿತ್ತು. ಎಲ್ಲ ಚೆನ್ನಾಗಿತ್ತು, ಆದರೆ ನಿಮ್ಮ ಭಾಷೆಯಲ್ಲಿ ಪುಲಾವ್ ಉಬಿನ್‌ಗೆ ನಮ್ಮ ದೇಶದ ಹೆಸರು ಯಾಕೆ ಎಂದು ಅವನು ವಿನಯದಿಂದ ಕೇಳಿದ್ದ.

ಹಾಲ್‌ನಲ್ಲಿ ಒಂದು ಸೀರೆಯೂ ಸರಪರ ಎನ್ನಲಿಲ್ಲ. ಆನೆ, ಹಂದಿ, ಕಪ್ಪೆಗಳ ಪಟ್ಟಿಗೆ ಹಯಗ್ರೀವನೂ ಸೇರಿ ನಿಂತಿದ್ದ, ತಲೆಯ ಮೇಲೆ ಪೇಟ.

ವತ್ಸಲಾ ಎದ್ದರು. ವೇದಿಕೆಯ ಪಕ್ಕದಲ್ಲಿದ್ದ ಬೋರ್ಡಿನ ಹತ್ತಿರ ಹೋಗಿ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಆರು ಇಂಗ್ಲಿಷ್ ಅಕ್ಷರ ಬರೆದರು. “ರೀ, ಇದನ್ನ ಓದಿ.” ಒಂದು ವಾರದಲ್ಲಿ ಆಕೆ ಗಂಡನಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

ಬೋರ್ಡಿನಲ್ಲಿದ್ದದ್ದು ದ್ವೀಪ ಎಂಬುದರ ಇಂಗ್ಲಿಷ್. ಹಯಗ್ರೀವ ಬೋರ್ಡು ನೋಡಿದ, ಹೆಂಡತಿಯನ್ನು ನೋಡಿದ, ಇಪ್ಪತ್ತೇಳು ಕುಟುಂಬಗಳನ್ನು ನೋಡಿದ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಹುಣಸೂರಿನ ತರಗತಿಯಲ್ಲಿ ಎದ್ದು ನಿಂತ ಹಾಗೆ ಕೈಕಟ್ಟಿ, ಒಂದಕ್ಷರಕ್ಕೂ ಅನ್ಯಾಯ ಮಾಡದೆ ಗಟ್ಟಿಯಾಗಿ ಓದಿದ:

“ಐಸ್‌ಲ್ಯಾಂಡ್.”

ಮೊದಲು ನಕ್ಕವರು ವತ್ಸಲಾ. ನಗುತ್ತಾ ಮೇಜು ಹಿಡಿದುಕೊಂಡರು, ನಗುತ್ತಾ ಕಣ್ಣೊರೆಸಿಕೊಂಡರು. ಆಮೇಲೆ ಹಾಲ್ ಪೂರಾ ನಕ್ಕಿತು. ಗುನ್ನಾರ್ ಏನೂ ತಿಳಿಯದೆ ಎಲ್ಲರಿಗಿಂತ ಜೋರಾಗಿ ನಕ್ಕ. ನಗದವರು ದ್ವಾರಕನಾಥ್ ಒಬ್ಬರೇ. “ನನ್ನ ಕ್ಲೈಂಟ್ ಮುಂದೆ ನನ್ನ ಮರ್ಯಾದೆ ಏನಾಯ್ತು?” ಎನ್ನುತ್ತಾ ಹಯಗ್ರೀವನ ತಲೆಯಿಂದ ಪೇಟ ತೆಗೆದುಕೊಂಡರು. ಪಟ್ಟಾಭಿರಾಮರು ಬಹಳ ಹೊತ್ತು ಯೋಚಿಸಿ, “ಶ್ವೇತ ಅಲ್ದೇ ಇರ್ಬಹುದು, ದ್ವೀಪ ಅಂತೂ ಹೌದು,” ಎಂದು ಹೋಳಿಗೆಗೆ ಎದ್ದರು. ಹೋಳಿಗೆ ಚೆನ್ನಾಗಿತ್ತು. ಗುನ್ನಾರ್ ಏಳು ತಿಂದ.

ವಾಪಸು ಬರುವಾಗ ಬಸ್ಸಿನಲ್ಲಿ ಗಂಡ ಹೆಂಡತಿ ಒಂದು ಸೀಟಿನಲ್ಲಿ ಕೂತರು, ನಾನು ಅವರ ಹಿಂದಿನ ಸೀಟಿನಲ್ಲಿ. ಹಯಗ್ರೀವನ ಮುಖ ಜ್ವರ ಬಿಟ್ಟವನ ಮುಖದಂತಿತ್ತು. ಊರೆಲ್ಲ ನಕ್ಕರೆ ನಗಲಿ, ಹೆಂಡತಿ ನಂಬಿದಳಲ್ಲ. ವತ್ಸಲಾಗೆ ನಡುನಡುವೆ ಇನ್ನೂ ನಗು ಉಕ್ಕುತ್ತಿತ್ತು. ಅರ್ಧ ದಾರಿಯಲ್ಲಿ ಅದು ನಿಂತಿತು.

“ರೀ, ಈ ಉಬಿನ್ ಎಷ್ಟು ದೂರ ನಮ್ಮನೆಯಿಂದ?”

“ಇಲ್ಲೇ. ಬಸ್ಸಲ್ಲಿ ಮುಕ್ಕಾಲು ಗಂಟೆ, ಬೋಟಲ್ಲಿ ಹತ್ತು ನಿಮಿಷ.”

“ವೀಸಾ ಬೇಕಾ?”

“ಉಬಿನ್‌ಗೆ ಯಾತರ ವೀಸಾ?” ಎಂದು ಹಯಗ್ರೀವ ನಕ್ಕ. ಹಿಂದಿನ ಸೀಟಿನಲ್ಲಿದ್ದ ನನಗೆ ಗೊತ್ತಾಯಿತು, ಅವನು ನಗಬಾರದಿತ್ತು.

“ಐಸ್‌ಲ್ಯಾಂಡ್ ಆಗಿದ್ರೆ ದೂರ ಇದೆ, ಕಷ್ಟ ಇತ್ತು, ಕರ್ಕೊಂಡು ಹೋಗೋಕೆ ಆಗ್ಲಿಲ್ಲ ಅಂತಾದ್ರೂ ಅಂದ್ಕೋಬಹುದಿತ್ತು,” ಎಂದರು ವತ್ಸಲಾ. “ಮುಕ್ಕಾಲು ಗಂಟೆ. ಎಂಟು ವರ್ಷದಲ್ಲಿ ನಿಮಗೆ ನನ್ನ ಕರ್ಕೊಂಡು ಹೋಗೋಕೆ ಮುಕ್ಕಾಲು ಗಂಟೆ ಸಿಕ್ಕಿಲ್ಲ.”

ಹಯಗ್ರೀವ ಕಿಟಕಿ ನೋಡಿದ. ಕಿಟಕಿಗೇ ಹೇಳುವಂತೆ ಸಣ್ಣ ದನಿಯಲ್ಲಿ ಹೇಳಿದ. “ಹಬ್ಬ. ಎಲ್ಲರ ಮನೆ ಬಾಗಿಲಲ್ಲೂ ಚಪ್ಪಲಿ ರಾಶಿ. ನಮ್ಮನೇಲಿ ನಾನೊಬ್ಬನೇ. ನೀನಿಲ್ದೆ ಮನೇಲಿ ಕೂರೋಕೆ ಆಗ್ಲಿಲ್ಲ, ಅದಕ್ಕೇ ಹೋದೆ. ಅಲ್ಲೂ ಏನೂ ಚೆನ್ನಾಗಿರ್ಲಿಲ್ಲ.”

ವತ್ಸಲಾ ಹಿಂದಕ್ಕೆ ತಿರುಗಿದರು. “ಉಪೇಂದ್ರ ಅವ್ರೇ, ಇದಾದ್ರೂ ನಿಜಾನಾ?”

ಈ ಸಲ ನಾನು ಬುದ್ಧಿ ಕಲಿತಿದ್ದೆ. “ನಾನು ಕೂಟದ ಕಾರ್ಯದರ್ಶಿ ಅಷ್ಟೇ ಮೇಡಂ,” ಎಂದೆ.

ಆಕೆ ಮುಂದಕ್ಕೆ ತಿರುಗಿ ಸೆರಗು ಸರಿಮಾಡಿಕೊಂಡರು. “ಮಂಗಳವಾರ ಬೆಳಿಗ್ಗೆ ನಾನು ಚಾಂಗಿಗೆ ಹೋಗ್ಬೇಕು.”

ಸಿಂಗಪುರದಲ್ಲಿರುವವರಿಗೆ ಗೊತ್ತು, ಚಾಂಗಿಯಲ್ಲಿ ವಿಮಾನವೂ ಸಿಗುತ್ತದೆ, ದೋಣಿಯೂ ಸಿಗುತ್ತದೆ.

“ಏರ್‌ಪೋರ್ಟಿಗಾ, ಜೆಟ್ಟಿಗಾ?” ಎಂದು ಹಯಗ್ರೀವ ಕೇಳಿದ.

“ನೀವು ರಜಾ ಹಾಕಿದ್ರೆ ಜೆಟ್ಟಿಗೆ,” ಎಂದರು ವತ್ಸಲಾ. “ಮುಂದಿನ ವರ್ಷ ಅಂದ್ರೆ ಏರ್‌ಪೋರ್ಟಿಗೆ.”

ಹೌಗಾಂಗ್ ಬರಲು ಇನ್ನೂ ನಾಲ್ಕು ಸ್ಟಾಪಿತ್ತು. ಹಯಗ್ರೀವ ಆಗಲೇ ಎದ್ದು ನಿಂತು, ಜೇಬಿನಲ್ಲಿ ಪೆನ್ನು ಹುಡುಕುತ್ತಾ, ರಜಾ ಅರ್ಜಿ ಬರೆಯಲು ನನ್ನ ಹತ್ತಿರ ಒಂದು ಕಾಗದ ಕೇಳಿದ.